ದನಿಗೆ ಮುಂಗಡ ಬುಕಿಂಗ್

ಚಾಮರಾಜಪೇಟೆ
12 ಮಾರ್ಚ್ 2025

ನಾದಬಿಂಬ ಕಂಪನಿಯವರಿಗೆ, ಉಪ್ಪಾರಪೇಟೆ.

ಮಾನ್ಯರೇ,

ವಿಷಯ: ‘ಮರುದನಿ’ ಯಂತ್ರ ಇನ್ನೂ ಬಾರದಿರುವ ಬಗ್ಗೆ.

ಕಳೆದ ದೀಪಾವಳಿಯಲ್ಲಿ ನಿಮ್ಮ ಹೊಸ ಯಂತ್ರಕ್ಕೆ ಪೂರ್ತಿ ಹಣ ಕಟ್ಟಿ ಬುಕ್ ಮಾಡಿದವರು ನಾವು. ಸಂಕ್ರಾಂತಿಗೆ ಮನೆಗೆ ಬರುತ್ತದೆ ಎಂದಿರಿ. ಬೀದಿಯವರಿಗೆಲ್ಲ ಎಳ್ಳು ಬೀರಿ ಮುಗಿಸಿದೆ, ಯಂತ್ರ ಬರಲಿಲ್ಲ. ಶಿವರಾತ್ರಿಗೆ ಎಂದಿರಿ. ಜಾಗರಣೆ ಮಾಡಿದ್ದೇ ಬಂತು. ಈಗ ಯುಗಾದಿ ಎನ್ನುತ್ತಿದ್ದೀರಿ. ನಿಮ್ಮದು ಕಂಪನಿಯೋ ಪಂಚಾಂಗವೋ ನನಗೆ ತಿಳಿಯುತ್ತಿಲ್ಲ.

ನಾವು ಹಾಡು ಕೇಳುವುದಕ್ಕೆ, ಆಟ ಆಡುವುದಕ್ಕೆ ಇದನ್ನು ಕೊಂಡವರಲ್ಲ. ನಮ್ಮ ಯಜಮಾನರು ಶ್ರೀನಿವಾಸಯ್ಯನವರು ಈ ಬೀದಿಯಲ್ಲಿ ಟೈಪಿಂಗ್, ಶಾರ್ಟ್‌ಹ್ಯಾಂಡ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಮನೆಯ ಮುಂದಿನ ಕೋಣೆಯಲ್ಲಿ ಕೂತು ಅವರು ಡಿಕ್ಟೇಶನ್ ಕೊಟ್ಟರೆ ಹುಡುಗ ಹುಡುಗಿಯರು ಬರೆದುಕೊಳ್ಳುವರು. ಹಾಗೆ ಬರೆದುಕೊಂಡು ಪಾಸಾಗಿ ಸರ್ಕಾರಿ ಕಚೇರಿಯಲ್ಲಿ ಸ್ಟೆನೋ ಆದವರಲ್ಲಿ ನಾನೂ ಒಬ್ಬಳು. ಮೇಷ್ಟ್ರನ್ನೇ ಮದುವೆಯಾದವಳು ಮಾತ್ರ ನಾನೊಬ್ಬಳೇ.

ಅವರಿಗೆ ಗಂಟಲಲ್ಲಿ ಗಡ್ಡೆ. ಆಸ್ಪತ್ರೆಯಲ್ಲಿ ಕರೆಂಟು ಕೊಡಿಸಿದೆವು, ಕರಗಿತು, ಈಗ ಮತ್ತೆ ಬಂದಿದೆ. ಏಪ್ರಿಲ್ ಕೊನೆಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಮೊದಲೇ ದನಿ ತುಂಬಿಟ್ಟುಕೊಂಡರೆ ಆಮೇಲೆ ಬೆರಳಲ್ಲಿ ಒತ್ತಿದ ಮಾತನ್ನು ಅದೇ ದನಿಯಲ್ಲಿ ಆಡುವ ಯಂತ್ರ ನಿಮ್ಮದು ಎಂದು ಜಾಹೀರಾತಿನಲ್ಲಿ ಓದಿ ಬುಕ್ ಮಾಡಿದೆವು. ದನಿ ಹೋದ ಮೇಲೆ ಯಂತ್ರ ಬಂದರೆ ಅದರಲ್ಲಿ ಏನು ತುಂಬಲಿ, ಉಪ್ಪಿನಕಾಯಿಯೇ?

ಇದಕ್ಕೆ ಉತ್ತರ ಕಾಗದದಲ್ಲೇ ಬೇಕು. ಮೊಬೈಲಿಗೆ ಬರುವ ನಿಮ್ಮ ನಗುಮುಖದ ಮೆಸೇಜುಗಳು ಬೇಡ.

ಇಂತಿ,
ಕಾವೇರಮ್ಮ

*

ಬೆಂಗಳೂರು
19 ಮಾರ್ಚ್ 2025

ಪ್ರೀತಿಯ ಗ್ರಾಹಕರೇ,

‘ಮರುದನಿ’ಯ ಬಗ್ಗೆ ನಿಮಗಿರುವ ಉತ್ಸಾಹ ಕಂಡು ನಮಗೆ ರೋಮಾಂಚನವಾಗಿದೆ! ನಿರೀಕ್ಷೆಗೂ ಮೀರಿದ ಬೇಡಿಕೆಯಿಂದಾಗಿ ನಿಮ್ಮ ಯಂತ್ರ ತಲುಪುವುದು ತುಸು ತಡವಾಗುತ್ತಿದೆ. ಒಳ್ಳೆಯ ಅನುಭವಕ್ಕೆ ಕಾಯುವುದರಲ್ಲೂ ಒಂದು ಸುಖವಿದೆ ಎಂದು ನಾವು ನಂಬುತ್ತೇವೆ. ನಿಮ್ಮ ತಾಳ್ಮೆಗೆ ಅನಂತ ಧನ್ಯವಾದಗಳು.

ಸದಾ ನಿಮ್ಮ ಸೇವೆಯಲ್ಲಿ,
ಶಿವರಂಜಿನಿ
ಗ್ರಾಹಕ ಸಂತೋಷ ವಿಭಾಗ

*

ಚಾಮರಾಜಪೇಟೆ
24 ಮಾರ್ಚ್ 2025

ಗ್ರಾಹಕ ಸಂತೋಷ ವಿಭಾಗದ ಶಿವರಂಜಿನಿಯವರಿಗೆ,

ನಿಮ್ಮ ಕಾಗದ ಬಂತು. ರೋಮಾಂಚನವಾಯಿತೆಂದು ಬರೆದಿದ್ದೀರಿ. ನಮಗೆ ಮೈ ಉರಿಯಿತು.

ನಾನು ಕೊಡದೇ ಇರುವ ತಾಳ್ಮೆಗೆ ನೀವು ಧನ್ಯವಾದ ಹೇಳಿದರೆ ಹೇಗೆ? ನನ್ನ ಕಾಗದವನ್ನು ಯಾರಾದರೂ ಓದಿದರೋ, ಇಲ್ಲ ತೂಕ ಹಾಕಿ ಉತ್ತರ ಬರೆದರೋ? ಧ್ವನಿಪೆಟ್ಟಿಗೆ ತೆಗೆಯುತ್ತಾರೆ ಎಂಬ ಮಾತು ಕಣ್ಣಿಗೆ ಬೀಳಲಿಲ್ಲವೇ?

ಮೊನ್ನೆ ನಾವಿಬ್ಬರೂ ಆಟೋ ಮಾಡಿಕೊಂಡು ಉಪ್ಪಾರಪೇಟೆಯ ನಿಮ್ಮ ಆಫೀಸಿಗೇ ಬಂದೆವು. ಕೆಳಗೆ ಲಾಡ್ಜ್, ಮೇಲೆ ನೀವು. ಮೆಟ್ಟಿಲು ಹತ್ತಿ ನೋಡಿದರೆ ಬಾಗಿಲಿಗೆ ಬೀಗ, ಗಾಜಿನ ಒಳಗೆ ಒಂದರ ಮೇಲೊಂದು ಪೇರಿಸಿಟ್ಟ ಕುರ್ಚಿಗಳು. ಇಳಿದು ಬಂದಾಗ ಲಾಡ್ಜಿನವನು ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿ, “ಡಬಲ್ ರೂಮಾ ಸಾರ್?” ಎಂದ. ಈ ವಯಸ್ಸಿನಲ್ಲಿ ನಮಗೆ ಈ ಮರ್ಯಾದೆಯೂ ನಿಮ್ಮಿಂದಲೇ ಸಿಕ್ಕಿತು. ಇವರು ಮಾತ್ರ ಆಟೋದಲ್ಲಿ ಮನೆಯವರೆಗೂ ನಕ್ಕರು. ನಕ್ಕರೆ ಕೆಮ್ಮು ಬರುತ್ತದೆ, ಆದರೂ ನಕ್ಕರು.

ನಾನು ಬರೆಯುವವಳು, ಅವರು ಮಾತಾಡುವವರು. ಡಿಸೆಂಬರಿನಿಂದ ಬೆಳಗಿನ ಕಾಫಿ ಮುಗಿದ ಕೂಡಲೇ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನಿಮಗೆ ಫೋನ್ ಮಾಡುವುದೇ ಅವರ ಪೂಜೆ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಕುಣಿಸುತ್ತೀರಿ. “ಈ ಕರೆಯನ್ನು ತರಬೇತಿಗಾಗಿ ರೆಕಾರ್ಡ್ ಮಾಡಲಾಗುತ್ತದೆ” ಎಂದು ನಿಮ್ಮ ಹೆಂಗಸು ಹೇಳಿದರೆ ಇವರು, “ಮಾಡ್ಕೊಳ್ರಮ್ಮ, ತರಬೇತಿ ನಿಮಗೆ ಬೇಕೇ ಬೇಕು” ಅನ್ನುತ್ತಾರೆ. ಆಮೇಲೆ ಯಾರೋ ಹುಡುಗಿ ಬಂದು, “ಖಂಡಿತ ಸರ್, ಅರ್ಥವಾಗುತ್ತೆ ಸರ್” ಎನ್ನುತ್ತಾಳೆ. ಅವಳಿಗೆ ಏನು ಅರ್ಥವಾಗುತ್ತದೋ ನನಗೆ ಅರ್ಥವಾಗಿಲ್ಲ.

ಹಣ ವಾಪಸ್ ಬೇಕೇ ಎಂದೂ ಕೇಳಿದಳಂತೆ. ಬೇಡ. ನನಗೆ ದನಿ ಬೇಕು.

ಇಂತಿ,
ಕಾವೇರಮ್ಮ

*

ಮಾಮೂಲ್‌ಪೇಟೆ
4 ಏಪ್ರಿಲ್ 2025

ಕಾವೇರಮ್ಮನವರಿಗೆ ನಮಸ್ಕಾರಗಳು.

ಇದು ಕಂಪನಿಯ ಕಾಗದ ಅಲ್ಲ, ನಾನೇ ಬರೆಯುತ್ತಿರುವುದು. ಮೊದಲಿನ ಕಾಗದ ಕಂಪ್ಯೂಟರಿನಲ್ಲಿ ಮೊದಲೇ ಬರೆದಿಟ್ಟದ್ದು. ಹೆಸರು ಮಾತ್ರ ನನ್ನದು. ಆಫೀಸು ಮುಚ್ಚಿ ನಮ್ಮನ್ನೆಲ್ಲ ಮನೆಯಿಂದಲೇ ಕೆಲಸ ಮಾಡಿ ಎಂದಿದ್ದಾರೆ, ಅಲ್ಲಿಗೆ ಬಂದ ಕಾಗದಗಳನ್ನೂ ಮನೆಗೇ ಕಳಿಸುತ್ತಾರೆ. ನಮ್ಮ ಮನೆ ಇಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯ ಮೇಲೆ. ಹಮಾಲಿಗಳ ಕೂಗಿನ ನಡುವೆ ಕಿವಿ ಮುಚ್ಚಿಕೊಂಡು ನಿಮ್ಮ ಯಜಮಾನರ ಮಾತು ಕೇಳುವ ಆ ‘ಖಂಡಿತ ಸರ್’ ಹುಡುಗಿ ನಾನೇ.

ನಿಜ ಹೇಳುತ್ತೇನೆ. ಯಂತ್ರದ ಒಂದು ಭಾಗ ಹೊರದೇಶದಿಂದ ಬರಬೇಕು, ಬಂದಿಲ್ಲ. ಯಾವಾಗ ಬರುತ್ತದೆಂದು ನಮಗೂ ಹೇಳುತ್ತಿಲ್ಲ. ಹಬ್ಬದ ಹೆಸರು ಹೇಳಿ ಎಂದು ಮೇಲಿನವರು ಹೇಳಿಕೊಟ್ಟರು, ಜನ ಹಬ್ಬದವರೆಗೆ ಸುಮ್ಮನಿರುತ್ತಾರಂತೆ.

ಆದರೆ ನೀವು ಕಾಯಬೇಡಿ. ನಮ್ಮ ಇಂಜಿನಿಯರ್ ಸುಮನ್‌ನನ್ನು ಕೇಳಿದೆ. ಸರ್ ಅವರ ಮಾತನ್ನು ಈಗಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಡಿ. ಯಂತ್ರ ಬಂದಾಗ ಅದರಿಂದಲೇ ದನಿ ತುಂಬಬಹುದು. ಒಂದೇ ಮಾತು, ಓದುವ ಹಾಗೆ ಬೇಡ. ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಲಿ. ಆ ಮಾತಿನ ಧಾಟಿಯನ್ನೇ ಯಂತ್ರ ಕಲಿಯುವುದು.

ಈ ಕಾಗದದ ವಿಷಯ ಫೋನಿನಲ್ಲಿ ಹೇಳಬೇಡಿ. ರೆಕಾರ್ಡ್ ಆಗುತ್ತದೆ.

ನಿಮ್ಮ,
ಶಿವರಂಜಿನಿ

*

ಚಾಮರಾಜಪೇಟೆ
22 ಏಪ್ರಿಲ್ 2025

ಶಿವರಂಜಿನಿಗೆ ಆಶೀರ್ವಾದಗಳು.

ನಿನ್ನ ಎರಡನೆಯ ಕಾಗದ ಓದಿ ಏಕವಚನಕ್ಕೆ ಇಳಿದಿದ್ದೇನೆ, ಬೇಜಾರಿಲ್ಲ ತಾನೇ?

ರೆಕಾರ್ಡಿಂಗ್ ಮುಗಿಯಿತು. ಪೆನ್‌ಡ್ರೈವ್ ಇದರ ಜೊತೆಗಿದೆ. “ಈ ದನಿಯಲ್ಲೇ ಜೀವನ ಮಾಡಿದವನಿಗೆ ಮಾತಾಡೋದು ಹೇಗೆ ಅಂತ ಆ ಹುಡುಗಿ ಹೇಳ್ಕೊಡ್ತಾಳಾ?” ಎಂದು ಮೊದಲು ಕೆರಳಿದರು. ಆಮೇಲೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಮುಂದಿನ ಕೋಣೆಯ ಹಳೆಯ ಮೇಜಿನ ಮುಂದೆ ಕೂತರು. ಫ್ಯಾನ್ ಆರಿಸು ಎಂದರು. ಪಕ್ಕದ ಮನೆಯ ಶಕುಂತಲಮ್ಮನಿಗೆ ಕುಕ್ಕರ್ ಇಡಬೇಡಿ ಎಂದು ಹೇಳಿ ಕಳಿಸಿದರು. ಸೊಪ್ಪಿನವಳನ್ನು ಬೀದಿಯ ಕೊನೆಯಲ್ಲೇ ತಡೆದು ನಿಲ್ಲಿಸುವ ಕೆಲಸ ನನ್ನದು. ಒಂದು ವಾರ ನಮ್ಮ ಬೀದಿಗೆ ಸೊಪ್ಪಿಲ್ಲ, ಬೇಯಿಸಿದ ಬೇಳೆಯಿಲ್ಲ.

ಬಾಗಿಲ ಹಿಂದೆ ನಿಂತು ಕೇಳಿದೆ. ದನಿ ಸ್ವಲ್ಪ ಒರಟಾಗಿದೆ, ಆದರೂ ಎಷ್ಟು ಸ್ಪಷ್ಟ! ಒಂದು ಅಕ್ಷರ ಜಾರಲಿಲ್ಲ. ಕೇಳುತ್ತಾ ನಿಂತಿದ್ದಾಗ ನನ್ನ ಬೆರಳು ತಾನಾಗಿಯೇ ಸೀರೆಯ ಸೆರಗಿನ ಮೇಲೆ ಶಾರ್ಟ್‌ಹ್ಯಾಂಡ್ ಗೆರೆ ಎಳೆಯುತ್ತಿತ್ತು.

ಸೋಮವಾರ ಆಪರೇಶನ್. ಭಾನುವಾರ ಕೊನೆಯದಾಗಿ ನಿಮ್ಮ ಕಂಪನಿಗೊಂದು ಫೋನ್ ಮಾಡಬೇಕೆಂದಿದ್ದಾರೆ. ಭಾನುವಾರ ನಿಮಗೆ ರಜಾ ಎಂದು ನಾನು ಹೇಳಿಲ್ಲ.

ಇಂತಿ,
ಕಾವೇರಮ್ಮ

*

ಚಾಮರಾಜಪೇಟೆ
30 ಜೂನ್ 2025

ಶಿವರಂಜಿನಿಗೆ,

ಆಪರೇಶನ್ ಆಯಿತು. ಮನೆಗೆ ಬಂದು ಬಹಳ ದಿನವಾಯಿತು. ಬರೆಯಲು ಮನಸ್ಸಾಗಲಿಲ್ಲ.

ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು ಇದೆ. ಅದಕ್ಕೆ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆಯುತ್ತಾರೆ, ಅದೂ ಶಾರ್ಟ್‌ಹ್ಯಾಂಡಿನಲ್ಲಿ. ಕೈ ಬೇಗ ಓಡುತ್ತದಲ್ಲ. ಆದರೆ ಆ ಗೆರೆ, ಕೊಕ್ಕೆಗಳನ್ನು ಓದಬಲ್ಲವಳು ನಾನೊಬ್ಬಳೇ. ಹಾಲಿನವನಿಗೆ, ನೋಡಲು ಬಂದವರಿಗೆ, ಡಾಕ್ಟರಿಗೆ, ಎಲ್ಲರಿಗೂ ನಾನೇ ಓದಿ ಹೇಳಬೇಕು. ಡಾಕ್ಟರಿಗೆ ಅವರು ಬರೆದ ಬೈಗುಳವನ್ನು ನಾನು “ತುಂಬಾ ಆರಾಮಾಗಿದೀನಿ ಅಂತಾರೆ” ಎಂದು ಓದಿದೆ. ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು.

ಯಂತ್ರ ಇನ್ನೂ ಬಂದಿಲ್ಲ. ಅದರ ಬದಲು ನಿಮ್ಮ ಕಂಪನಿಯಿಂದ ಮೆಸೇಜು ಬಂದಿದೆ. ‘ಮರುದನಿಯೊಂದಿಗಿನ ನಿಮ್ಮ ಅನುಭವ ಹೇಗಿತ್ತು? ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರಿ?’

ಈ ಮನೆ ಎಂದೂ ಇಷ್ಟು ಸುಮ್ಮನಿರಲಿಲ್ಲ ಕಣೆ ಹುಡುಗಿ. ಎಷ್ಟು ನಕ್ಷತ್ರ ಕೊಡಲಿ ಇದಕ್ಕೆ?

ಕಾವೇರಮ್ಮ

*

ಚಾಮರಾಜಪೇಟೆ
29 ಆಗಸ್ಟ್ 2025

ಶಿವರಂಜಿನಿಗೆ,

ಅಂತೂ ಯಂತ್ರ ಬಂತು. ಗಣೇಶನ ಹಬ್ಬದ ಹಿಂದಿನ ದಿನ, ನಾನು ಕಡುಬಿಗೆ ಹೂರಣ ಕಲಸುತ್ತಿರುವಾಗ. ಗಣಪತಿಗಿಂತ ಮೊದಲು ಅದಕ್ಕೇ ಅರಿಶಿನ ಕುಂಕುಮ ಇಟ್ಟೆ. ಪೆನ್‌ಡ್ರೈವಿನ ದನಿಯನ್ನು ನೀವು ಮೊದಲೇ ತುಂಬಿ ಕಳಿಸಿದ್ದೀರೆಂದು ಪೆಟ್ಟಿಗೆಯ ಮೇಲೆ ಬರೆದಿತ್ತು.

ಇವರು ಹೊಸ ಪಂಚೆ ಉಟ್ಟು ಕೂತು, ಬಹಳ ಹೊತ್ತು ಯೋಚಿಸಿ, ಒಂದೊಂದೇ ಅಕ್ಷರ ಒತ್ತಿದರು. ಯಂತ್ರ ಬಾಯಿಬಿಟ್ಟಿತು.

“ಕಾವೇರಿ. ಒಂದು ಲೋಟ. ಕಾಫಿಯನ್ನು. ನೀಡತಕ್ಕದ್ದು.”

ನೀಡತಕ್ಕದ್ದು ಎಂದು ಅವರು ಒತ್ತಿರಲಿಲ್ಲ, ಕೊಡು ಎಂದೇ ಒತ್ತಿದ್ದು. ಆದರೆ ನನ್ನ ಕಿವಿಗೆ ಹಾಗೆಯೇ ಕೇಳಿತು. ದನಿ ಅವರದೇ, ಇಲ್ಲವೆನ್ನುವುದಿಲ್ಲ. ಆದರೆ ಏರಿಲ್ಲ, ಇಳಿವಿಲ್ಲ, ಗಡಿಯಾರ ಇಟ್ಟುಕೊಂಡು ಅಳೆದ ಹಾಗೆ ಒಂದೇ ಸಮ. ಕಾಫಿ ಕೇಳಿದರೆ ಜಿಲ್ಲಾಧಿಕಾರಿಗಳ ಸುತ್ತೋಲೆ ಓದಿದಂತಾಗುತ್ತದೆ.

ತಪ್ಪು ಯಾರದು ಎಂದು ನನಗೆ ಆಮೇಲೆ ಹೊಳೆಯಿತು. ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಲಿ ಎಂದು ನೀನು ಬರೆದಿದ್ದೆ. ಇವರು ಇಸ್ತ್ರಿ ಶರ್ಟು ಹಾಕಿಕೊಂಡು ಇನ್‌ಸ್ಟಿಟ್ಯೂಟಿನ ಮೇಜಿನ ಮುಂದೆ ಕೂತಾಗಲೇ ನಾನು ತಿಳಿಯಬೇಕಿತ್ತು. ವಾರವಿಡೀ ಅವರು ಮಾತಾಡಲೇ ಇಲ್ಲ, ಡಿಕ್ಟೇಶನ್ ಕೊಟ್ಟರು! ಡಿಕ್ಟೇಶನ್ ಕೊಡುವವನು ದನಿಯಲ್ಲಿ ಸಿಟ್ಟು, ನಗು ಏನೂ ತೋರಿಸಬಾರದು, ತೋರಿಸಿದರೆ ಬರೆಯುವವರ ಕೈ ತಪ್ಪುತ್ತದೆ ಎನ್ನುವುದು ಅವರದೇ ಪಾಠ. ಬಾಗಿಲ ಹಿಂದೆ ನಿಂತು ಮೆಚ್ಚಿಕೊಂಡ ನಾನೂ ಆ ಹೊತ್ತು ಹೆಂಡತಿಯಾಗಿ ಕೇಳಲಿಲ್ಲ, ಶಿಷ್ಯೆಯಾಗಿ ಕೇಳಿದೆ.

ಅವರು ಎರಡನೆಯ ಮಾತು ಒತ್ತಲಿಲ್ಲ. ಹಳೆಯ ಟೈಪ್‌ರೈಟರಿನ ಹೊದಿಕೆ ತಂದು ಯಂತ್ರದ ಮೇಲೆ ಹೊದಿಸಿ, ಬೀರುವಿನ ಮೇಲಿಟ್ಟರು. ಅಂದಿನಿಂದ ಚೀಟಿಯನ್ನೂ ಬರೆಯುತ್ತಿಲ್ಲ. ಏನು ಬೇಕೆಂದು ಕೇಳಿದರೆ ಏನೂ ಬೇಡವೆಂದು ಕೈಯಾಡಿಸುತ್ತಾರೆ. ನೋಡಲು ಬಂದವರೆದುರು ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ಮಲಗುತ್ತಾರೆ. ಆ ಕೈಯಾಡಿಸುವುದನ್ನು ನೋಡಲು ನನ್ನ ಕೈಲಿ ಆಗುವುದಿಲ್ಲ.

ನಿಮ್ಮ ಯಂತ್ರವನ್ನು ವಾಪಸ್ ತೆಗೆದುಕೊಂಡು ಹೋಗಿ. ನನಗೆ ಬೇಕಾದದ್ದು ಈ ದನಿಯಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಗೊಣಗುವ ದನಿ ಬೇಕು. ಪೇಪರಿನವನ ಮೇಲೆ ರೇಗುವ ದನಿ, ನನ್ನನ್ನು “ಏನೇ ಮಹರಾಯ್ತಿ” ಎನ್ನುವ ದನಿ ಬೇಕು. ಅದನ್ನು ನಾವು ಎಲ್ಲಿಯೂ ಹಿಡಿದಿಟ್ಟಿಲ್ಲ. ಮಗಳ ಮದುವೆಯ ವಿಡಿಯೋದಲ್ಲಿ ಕೂಡ ಬರೀ ವಾಲಗ.

ಕಾವೇರಮ್ಮ

*

ಮಾಮೂಲ್‌ಪೇಟೆ
9 ಸೆಪ್ಟೆಂಬರ್ 2025

ಅಮ್ಮ,

ನಿಮ್ಮ ಕಾಗದ ಓದಿ ನಮ್ಮಮ್ಮನ ಎದುರಿಗೇ ಅತ್ತುಬಿಟ್ಟೆ. ಅವರು ಯಾರೋ ಹುಡುಗ ಕೈಕೊಟ್ಟ ಎಂದುಕೊಂಡಿದ್ದಾರೆ.

ಯಂತ್ರ ವಾಪಸ್ ಕೊಡಬೇಡಿ. ‘ಏನೇ ಮಹರಾಯ್ತಿ’ ಎಂದು ಬರೆದಿದ್ದಿರಲ್ಲ, ಅದನ್ನು ಓದಿದಾಗ ನನಗೆ ಥಟ್ಟನೆ ನೆನಪಾಯಿತು. ಆ ಮಾತು ನಾನು ಕೇಳಿದ್ದೇನೆ, ಎಷ್ಟೋ ಸಲ. ಡಿಸೆಂಬರಿನಿಂದ ಸರ್ ದಿನಾ ಫೋನ್ ಮಾಡಿ ನನ್ನನ್ನು ಬೈಯುತ್ತಿದ್ದರು. ಕರೆ ರೆಕಾರ್ಡ್ ಆಗುತ್ತಿತ್ತು.

ಕೂಡಲೇ ಹುಡುಕಿದೆ. ಸಾಮಾನ್ಯವಾಗಿ ಕರೆಗಳನ್ನು ಮೂರು ತಿಂಗಳಿಗೆ ಅಳಿಸಿಬಿಡುತ್ತಾರೆ. ಆದರೆ ಜಗಳ ಮಾಡುವವರ ಕರೆಗೆ ‘ತಕರಾರಿನ ಗ್ರಾಹಕರು’ ಎಂದು ಗುರುತು ಹಾಕುತ್ತೇವೆ. ನಾಳೆ ಕೋರ್ಟಿಗೆ ಹೋದರೆ ಕಂಪನಿಗೆ ಬೇಕಾಗುತ್ತದೆಂದು ಅವನ್ನು ಮಾತ್ರ ಇಡುತ್ತಾರೆ. ಸರ್‌ಗೆ ಆ ಗುರುತು ಹಾಕಿದವಳು ನಾನೇ, ಮೊದಲನೇ ವಾರದಲ್ಲೇ. ಅವರು ಸಮಾಧಾನದಿಂದ ಮಾತಾಡಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ಅಷ್ಟೂ ಕರೆಗಳಿವೆ ಅಮ್ಮ!

ನಿನ್ನೆ ಕೂತು ಕೇಳಿದೆ. ನನ್ನನ್ನು ಬೈಯುವ ನಡುವೆ ಅವರು ಎಷ್ಟು ಸಲ ನಿಮ್ಮ ಕಡೆ ತಿರುಗುತ್ತಾರೆ ನಿಮಗೆ ಗೊತ್ತಾ? ನಾನು ಲೈನಿನಲ್ಲಿ ಕಾಯಿಸಿದಾಗಲೆಲ್ಲ ನಿಮ್ಮ ಜೊತೆಗೇ ಮಾತು. “ಕಾವೇರಿ, ಹಾಲು ಉಕ್ತಾ ಇದೆ ನೋಡೇ.” “ಏನೇ ಮಹರಾಯ್ತಿ, ಮಾತ್ರೆ ನುಂಗಿದ್ಯೋ ಇಲ್ವೋ?” ಮಾರ್ಚಿನ ಒಂದು ಕರೆಯಲ್ಲಿ ನನಗೆ, “ನೋಡಮ್ಮ, ನನಗೆ ಮಾತಾಡೋ ಚಟ ಇಲ್ಲ. ನಾನು ಸುಮ್ನಾಗ್ಬಿಟ್ರೆ ಇವಳು ಹೆದರ್ಕೊಳ್ತಾಳೆ, ಅದಕ್ಕೆ ಕೇಳ್ತಿರೋದು” ಎಂದರು. ನೀವು ಅಂಗಡಿಗೆ ಹೋಗಿದ್ದಿರಬೇಕು. ನಾನು ಆಗಲೂ “ಖಂಡಿತ ಸರ್, ಅರ್ಥವಾಗುತ್ತೆ ಸರ್” ಎಂದೇ ಹೇಳಿದ್ದೇನೆ. ಅದೂ ರೆಕಾರ್ಡ್ ಆಗಿದೆ.

ಸುಮನ್ ಕೇಳಿ ನೋಡಿ, ಇದರಿಂದ ದನಿ ಕಟ್ಟಬಹುದು ಎಂದಿದ್ದಾನೆ. ಆದರೆ ಸರ್ ಬರೆದು ಒಪ್ಪಿಗೆ ಕೊಡಬೇಕು. ಯಂತ್ರ ತಲುಪಿದ್ದರಿಂದ ನಿಮ್ಮ ತಕರಾರು ಮುಗಿಯಿತೆಂದು ಈ ತಿಂಗಳ ಕೊನೆಗೆ ಎಲ್ಲವನ್ನೂ ಅಳಿಸುತ್ತಾರೆ. ದಯವಿಟ್ಟು ಬೇಗ ಬರೆಸಿ.

ನಿಮ್ಮ,
ಶಿವರಂಜಿನಿ

*

ಚಾಮರಾಜಪೇಟೆ
12 ಸೆಪ್ಟೆಂಬರ್ 2025

ನಾದಬಿಂಬ ಕಂಪನಿಯವರಿಗೆ.

ವಿಷಯ: ನನ್ನ ಬೈಗುಳಗಳನ್ನು ಬಳಸಿಕೊಳ್ಳಲು ಒಪ್ಪಿಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಡಿಸೆಂಬರಿನಿಂದ ಏಪ್ರಿಲ್‌ವರೆಗೆ ತಮ್ಮ ಕಂಪನಿಯನ್ನು ಕುರಿತು ನಾನು ಆಡಿದ ಮಾತುಗಳೆಲ್ಲವೂ ನನ್ನವೇ ಎಂದು ಈ ಮೂಲಕ ದೃಢೀಕರಿಸುತ್ತೇನೆ. ಒಂದನ್ನೂ ಹಿಂತೆಗೆದುಕೊಳ್ಳುವುದಿಲ್ಲ. ಅವುಗಳಿಂದ ನನ್ನ ದನಿಯನ್ನು ಕಟ್ಟಲು ಸಂಪೂರ್ಣ ಒಪ್ಪಿಗೆ ಇದೆ.

ಹೆಂಡತಿಯ ಕೈಲಿ ಬರೆಸದೆ ನಾನೇ ಟೈಪ್ ಮಾಡಿದ್ದೇನೆ. ಟೈಪ್‌ರೈಟರಿನ ಹೊದಿಕೆ ಹೇಗೂ ಬೀರುವಿನ ಮೇಲಿತ್ತು.

ತಮ್ಮ ವಿಶ್ವಾಸಿ,
ಶ್ರೀನಿವಾಸಯ್ಯ

*

ಚಾಮರಾಜಪೇಟೆ
26 ಅಕ್ಟೋಬರ್ 2025

ಚಿರಂಜೀವಿ ಶಿವರಂಜಿನಿಗೆ,

ಬುಕ್ ಮಾಡಿದ್ದು ಒಂದು ದೀಪಾವಳಿಗೆ, ಕೈಗೆ ಸಿಕ್ಕಿದ್ದು ಇನ್ನೊಂದಕ್ಕೆ. ಈ ಮಾತನ್ನು ನಿಮ್ಮ ಕಂಪನಿಗೆ ನಾನು ಸಾಯುವವರೆಗೂ ಹೇಳುತ್ತೇನೆ, ನೀನು ಬೇಜಾರು ಮಾಡಿಕೊಳ್ಳಬೇಡ.

ನಿನ್ನೆ ಸುಮನ್ ಬಂದಿದ್ದ. ಬೀರುವಿನ ಮೇಲಿಂದ ಯಂತ್ರ ಇಳಿಸಿ, ಡಿಕ್ಟೇಶನ್ ದನಿ ತೆಗೆದು ಬೈಗುಳದ ದನಿ ಹಾಕಿದ. ಒಂದು ಸಲ ಮೋಸಹೋದವಳು ನಾನು, ಅರಿಶಿನ ಕುಂಕುಮ ಇಡಲಿಲ್ಲ. ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದೆ. “ಏನಾದ್ರೂ ಒತ್ತಿ ಸರ್” ಎಂದ. ಇವರು ನನ್ನನ್ನೊಮ್ಮೆ ನೋಡಿ ಒತ್ತತೊಡಗಿದರು.

“ಕಾವೇರಿ! ಹಾಲು ಉಕ್ತಾ ಇದೆ ನೋಡೇ! ಅಲ್ಲೇನು ಮಾಡ್ತಿದೀಯ ನಿಂತ್ಕೊಂಡು?”

ನಾನು ಓಡಿದೆ. ಮಂಡಿನೋವಿನವಳು, ಸೆರಗು ಸಿಕ್ಕಿಸಿಕೊಂಡು, ಇಕ್ಕಳ ಹಿಡಿದುಕೊಂಡು ಒಲೆಯ ಮುಂದೆ ನಿಂತ ಮೇಲೆ ನೋಡುತ್ತೇನೆ, ಒಲೆ ಹಚ್ಚಿಯೇ ಇಲ್ಲ. ಹಾಲು ಫ್ರಿಜ್ಜಿನಲ್ಲಿದೆ.

ಶುಭ್ರವಾಗಿದ್ದ ಒಲೆಯನ್ನೇ ಮತ್ತೆ ಒರೆಸಿದೆ. ಮುಂದಿನ ಕೋಣೆಯಲ್ಲಿ ಸುಮನ್ ಗಾಬರಿಯಿಂದ, “ಏನಾಯ್ತು ಸರ್, ಅಮ್ಮ ಯಾಕೆ ಓಡಿದ್ರು?” ಎಂದು ಕೇಳುತ್ತಿದ್ದ. ಹೊರಗೆ ಬಂದು ಇವರಿಗೆ ಚೆನ್ನಾಗಿ ಬೈದೆ. ದನಿಯಿಲ್ಲದೆ, ಭುಜ ಅಲುಗಿಸಿಕೊಂಡು ನಗುತ್ತಿದ್ದರು. ನನಗೆ ಎಷ್ಟು ಸಂತೋಷವಾಯಿತೆಂದು ಬರೆಯಲು ಬರುವುದಿಲ್ಲ, ಯಾವ ಶಾರ್ಟ್‌ಹ್ಯಾಂಡಿನಲ್ಲೂ ಬರುವುದಿಲ್ಲ.

ಈ ದನಿಯಲ್ಲೂ ದೋಷವಿಲ್ಲದೆ ಇಲ್ಲ. ಎಲ್ಲವೂ ಸಿಟ್ಟಿನಲ್ಲೇ ಬರುತ್ತದೆ. ಹೊರಡುವಾಗ ಸುಮನ್‌ಗೆ, “ತುಂಬಾ ಉಪಕಾರ ಆಯ್ತಪ್ಪ” ಎಂದರೆ ಕತ್ತಿನಪಟ್ಟಿ ಹಿಡಿದಂತೆ ಕೇಳಿ ಆ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಬೆಳಿಗ್ಗೆ ಶಕುಂತಲಮ್ಮ ಕಾಂಪೌಂಡಿನ ಆಚೆಯಿಂದ, “ಶೀನಣ್ಣ ಮತ್ತೆ ಜಗಳ ಶುರು ಮಾಡಿದ್ರಾ?” ಎಂದು ಕೇಳಿದರು. ದೇವರ ಸ್ತೋತ್ರ ಒತ್ತಿದರು, ದೇವರಿಗೂ ಬೈಗುಳವೇ. ಸುಮನ್ ತಿದ್ದಿಕೊಡುತ್ತೇನೆ ಎಂದ. ತಿದ್ದಬೇಡ ಎಂದೆ.

ಮಾರ್ಚಿನಲ್ಲಿ ಅವರು ನಿನಗೆ ಹೇಳಿದ ಆ ಮಾತನ್ನು ನಾನು ಅವರ ಮುಂದೆ ಎತ್ತಿಲ್ಲ. ನೀನೂ ಎತ್ತಬೇಡ.

ಇನ್ನೊಂದು ವಿಷಯ. ಯಂತ್ರದ ಜೊತೆ ಹೆಗಲಿಗೆ ಹಾಕಿಕೊಳ್ಳುವ ಚೀಲ ಉಚಿತ ಎಂದು ಜಾಹೀರಾತಿನಲ್ಲಿತ್ತು. ಅದು ಇನ್ನೂ ಬಂದಿಲ್ಲ. ಅದಕ್ಕೆ ನಾನು ಕಾಗದ ಬರೆಯುವುದಿಲ್ಲ. ನಾಳೆ ಬೆಳಿಗ್ಗೆ ಕಾಫಿಯಾದ ಮೇಲೆ ಅವರೇ ಫೋನ್ ಮಾಡುತ್ತಾರಂತೆ.

ರೆಕಾರ್ಡ್ ಮಾಡಿಕೊಳ್ಳಿ.

ಇಂತಿ ನಿನ್ನ,
ಕಾವೇರಮ್ಮ